ಕೂಸಿನ ಮನೆಯಿಂದ ಅರಿವು ಕೇಂದ್ರದವರೆಗೆ: ಮಿದುಳಿನ ಸಂಪರ್ಕಗಳ ಬೆಳವಣಿಗೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಲೇಖನ)



ನಾನು ಕಾರ್ಯನಿರ್ವಹಿಸುವ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಒಮ್ಮೆ ಒಂದು ಸಲಹೆ ಬಂದಿತು. ಕೂಸಿನ ಮನೆಗೆ ದಿನವೂ ನಾಲ್ಕೈದು ಮಕ್ಕಳು ಮಾತ್ರ ಬರುತ್ತಿವೆ, ಬೀದಿದೀಪದ ಸಾಮಗ್ರಿ ಹಾಗೂ ಸಿಮೆಂಟ್ ಚೀಲಗಳನ್ನು ಇಡಲು ಜಾಗವಿಲ್ಲ, ಆದ್ದರಿಂದ ಆ ಕೊಠಡಿಯನ್ನು ಉಗ್ರಾಣಕ್ಕೆ ಬಳಸೋಣ ಎಂಬುದೇ ಆ ಸಲಹೆ. ಹಿರಿಯ ಸದಸ್ಯರೊಬ್ಬರು, “ಎರಡು ವರ್ಷದ ಕೂಸಿಗೆ ಏನ್ ತಿಳೀತದ್ರಿ ಸಾಹೇಬ್ರ? ಉಂಡು ಮಲಗ್ತಾವ. ಸಾಲಿಗೆ ಹೋದ ಮ್ಯಾಲ ಕಲೀತಾವ” ಎಂದರು. ಅವರ ಮಾತಿನಲ್ಲಿ ದುರುದ್ದೇಶವಿರಲಿಲ್ಲ. ನಮ್ಮಲ್ಲಿ ಬಹುಪಾಲು ಜನರ ತಿಳಿವಳಿಕೆಯೂ ಅದೇ. ಅಂದು ಅವರಿಗೆ ಸರಿಯಾದ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಎಂಜಿನಿಯರಿಂಗ್ ಓದಿದ ನನಗೆ ಕಾಂಕ್ರೀಟು ಎಷ್ಟು ದಿನ ಕ್ಯೂರಿಂಗ್ ಆಗಬೇಕೆಂಬುದು ಗೊತ್ತಿತ್ತು. ಮಗುವಿನ ಮಿದುಳು ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದು ಗೊತ್ತಿರಲಿಲ್ಲ. ವಿಷಯವನ್ನು ಮುಂದಿನ ಸಭೆಗೆ ಇಡಲಾಯಿತು. ಆ ಅವಧಿಯಲ್ಲಿ ಓದಿ ತಿಳಿದುಕೊಂಡದ್ದನ್ನು ಈ ಲೇಖನದಲ್ಲಿ ತಮ್ಮ ಮುಂದಿಡುತ್ತಿದ್ದೇನೆ.

1. ಮಿದುಳು ಎಂಬ ಜಾಲ

ವಯಸ್ಕ ಮನುಷ್ಯನ ಮಿದುಳಿನ ತೂಕ ಸುಮಾರು 1,300ರಿಂದ 1,400 ಗ್ರಾಂ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಆದರೆ ಮಿದುಳಿನ ಸಾಮರ್ಥ್ಯ ನರಕೋಶಗಳ ಸಂಖ್ಯೆಯನ್ನಷ್ಟೇ ಅವಲಂಬಿಸಿಲ್ಲ. ಒಂದು ನರಕೋಶ ಮತ್ತೊಂದರೊಡನೆ ಸಂಕೇತವನ್ನು ಹಂಚಿಕೊಳ್ಳುವ ಸಂಧಿಸ್ಥಾನಗಳು ಮುಖ್ಯ. ಇವನ್ನು ಸಿನಾಪ್ಸ್ ಎಂದು ಕರೆಯುತ್ತಾರೆ. ಊರಿನಲ್ಲಿ ಎಷ್ಟು ಮನೆಗಳಿವೆ ಎಂಬುದಕ್ಕಿಂತ ಆ ಮನೆಗಳ ನಡುವೆ ದಾರಿಗಳು ಹೇಗಿವೆ ಎಂಬುದು ಊರಿನ ವ್ಯವಹಾರವನ್ನು ನಿರ್ಧರಿಸುವಂತೆ, ಈ ಸಂಪರ್ಕಗಳೇ ನೋಟ, ನಡೆ, ನುಡಿ, ನೆನಪು ಹಾಗೂ ವಿವೇಚನೆಗೆ ಆಧಾರ.

ಹುಟ್ಟಿದ ಮಗುವಿನ ಮಿದುಳು ವಯಸ್ಕರ ಮಿದುಳಿನ ಕಾಲುಭಾಗಕ್ಕಿಂತ ತುಸು ಹೆಚ್ಚಿನ ತೂಕದ್ದು. ಎರಡು ವರ್ಷ ತುಂಬುವ ಹೊತ್ತಿಗೆ ಅದು ವಯಸ್ಕರ ಗಾತ್ರದ ಸುಮಾರು ಶೇ. 80ನ್ನು ತಲಪುತ್ತದೆ, ಆರು ವರ್ಷಕ್ಕೆ ಶೇ. 90ನ್ನು ದಾಟುತ್ತದೆ. ಅಂದರೆ ಮಗು ಒಂದನೇ ತರಗತಿಯ ಬಾಗಿಲಿಗೆ ಬರುವಾಗಲೇ ಮಿದುಳಿನ ಗಾತ್ರದ ಬಹುಪಾಲು ಬೆಳವಣಿಗೆ ಮುಗಿದಿರುತ್ತದೆ. ಈ ಬೆಳವಣಿಗೆಗೆ ಬೇಕಾದ ಇಂಧನವೂ ಅಪಾರ. ವಯಸ್ಕರಲ್ಲಿ ಮಿದುಳು ವಿಶ್ರಾಂತಿಯ ಹೊತ್ತಿನಲ್ಲಿ ದೇಹದ ಶಕ್ತಿಯ ಸುಮಾರು ಐದನೇ ಒಂದು ಭಾಗವನ್ನು ಬಳಸಿದರೆ, ಚಿಕ್ಕ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಭಾಗವನ್ನು ಬಳಸುತ್ತದೆ. ಅಂಗನವಾಡಿಯ ಊಟವು ಹೊಟ್ಟೆಗೆಷ್ಟೋ ಮಿದುಳಿಗೂ ಅಷ್ಟೇ ಸೇರುತ್ತದೆ.

2. ಮೊದಲು ಚಿಗುರು, ಅನಂತರ ಚಾಟ್ನಿ

ವಿಜಯಪುರದ ಜಲನಗರದಿಂದ ತಿಕೋಟಾ ಕಡೆಗೆ ಪ್ರಯಾಣಿಸುವಾಗ ರಸ್ತೆಯ ಎರಡೂ ಬದಿಯಲ್ಲಿ ದ್ರಾಕ್ಷಿ ತೋಟಗಳು ಕಾಣುತ್ತವೆ. ತಿಕೋಟಾ, ಬಬಲೇಶ್ವರ ಭಾಗದ ಸದಸ್ಯರಿಗೆ ಚಾಟ್ನಿ ಎಂದರೇನೆಂದು ನಾನು ವಿವರಿಸಬೇಕಾಗಿಲ್ಲ. ಏಪ್ರಿಲ್ ಚಾಟ್ನಿ ಕಡ್ಡಿ ತಯಾರಿಗೆ, ಅಕ್ಟೋಬರ್ ಚಾಟ್ನಿ ಫಲಕ್ಕೆ. ಕತ್ತರಿಸಿದ್ದರಿಂದ ಬಳ್ಳಿ ಬಡವಾಗುವುದಿಲ್ಲ; ಉಳಿದ ಕಡ್ಡಿಗೆ ಕಸುವು ಸೇರುತ್ತದೆ. ಮಿದುಳಿನಲ್ಲಿಯೂ ಇದಕ್ಕೆ ಹೋಲುವ ಕ್ರಿಯೆ ನಡೆಯುತ್ತದೆ.

ಜನನದ ಅನಂತರದ ಮೊದಲ ಕೆಲವು ವರ್ಷಗಳಲ್ಲಿ ಪ್ರತಿ ಸೆಕೆಂಡಿಗೆ 10 ಲಕ್ಷಕ್ಕೂ ಹೆಚ್ಚು ಹೊಸ ಸಂಪರ್ಕಗಳು ಏರ್ಪಡುತ್ತವೆ ಎಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಅಮೆರಿಕದ ಮಕ್ಕಳ ನರರೋಗ ತಜ್ಞ ಪೀಟರ್ ಹಟೆನ್‌ಲಾಕರ್ ಅವರು ಮೃತರ ಮಿದುಳಿನ ಮುಂಭಾಗದ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಸಿನಾಪ್ಸ್‌ಗಳನ್ನು ಎಣಿಸಿ, 1979ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂದರಿಂದ ಎರಡು ವರ್ಷದ ಮಗುವಿನಲ್ಲಿ ಸಿನಾಪ್ಸ್‌ಗಳ ಸಾಂದ್ರತೆ ವಯಸ್ಕರಿಗಿಂತ ಸುಮಾರು ಶೇ. 50ರಷ್ಟು ಹೆಚ್ಚಿತ್ತು. ಎರಡರಿಂದ ಹದಿನಾರು ವರ್ಷದ ನಡುವೆ ಅದು ಕ್ರಮೇಣ ಇಳಿದಿತ್ತು. ಮಿದುಳು ಮೊದಲು ಬೇಕಾದುದಕ್ಕಿಂತ ಹೆಚ್ಚು ಸಂಪರ್ಕಗಳನ್ನು ಚಿಗುರಿಸಿಕೊಂಡು, ಅನಂತರ ಕೆಲವನ್ನು ಉಳಿಸಿ ಕೆಲವನ್ನು ತೆಗೆಯುತ್ತದೆ.

ತೋಟದ ಚಾಟ್ನಿಗೂ ಮಿದುಳಿನ ಚಾಟ್ನಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ತೋಟದಲ್ಲಿ ಯಾವ ಕಣ್ಣು ಉಳಿಯಬೇಕೆಂದು ಕತ್ತರಿ ಹಿಡಿದ ರೈತನು ನಿರ್ಧರಿಸುತ್ತಾನೆ. ಮಿದುಳಿನಲ್ಲಿ ಆ ನಿರ್ಧಾರವು ಬಹುಮಟ್ಟಿಗೆ ಬಳಕೆಯಿಂದ ಆಗುತ್ತದೆ. ಪದೇಪದೇ ಸಂಕೇತ ಹರಿಯುವ ಸಂಪರ್ಕ ಗಟ್ಟಿಯಾಗುತ್ತದೆ. ಬಳಕೆಯಿಲ್ಲದ್ದು ಸೊರಗಿ ಕಳಚಿಹೋಗುತ್ತದೆ. ಆದ್ದರಿಂದ ಮಗು ಏನನ್ನು ಕೇಳುತ್ತದೆ, ಏನನ್ನು ನೋಡುತ್ತದೆ, ಯಾರು ಅದರೊಡನೆ ಮಾತನಾಡುತ್ತಾರೆ ಎಂಬುದು ಯಾವ ಕಡ್ಡಿ ಉಳಿಯಬೇಕೆಂಬುದರ ತೀರ್ಮಾನದಲ್ಲಿ ಪಾಲು ಪಡೆಯುತ್ತದೆ.

ಇದಕ್ಕೆ ನಮ್ಮ ನುಡಿಗೆ ಹತ್ತಿರದ ಒಂದು ನಿದರ್ಶನವಿದೆ. ನಮಗೆ ‘ತ’ ಮತ್ತು ‘ಟ’ ಬೇರೆಬೇರೆ ಅಕ್ಷರಗಳು. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಈ ಭೇದ ಕಿವಿಗೆ ಸುಲಭವಾಗಿ ಸಿಗುವುದಿಲ್ಲ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಅವರು ಹಿಂದಿಯ ಇಂಥದೇ ಜೋಡಿ ಧ್ವನಿಗಳನ್ನು ಇಂಗ್ಲಿಷ್ ಮನೆಗಳ ಶಿಶುಗಳಿಗೆ ಕೇಳಿಸಿ 1984ರಲ್ಲಿ ವರದಿ ಮಾಡಿದರು. ಆರರಿಂದ ಎಂಟು ತಿಂಗಳ ಶಿಶುಗಳಲ್ಲಿ ಹೆಚ್ಚಿನವು ಭೇದವನ್ನು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಶಿಶುಗಳಲ್ಲಿ ಗುರುತಿಸಿದವು ಬಹಳ ಕಡಿಮೆ. ಮಾತೇ ಆಡದ ಕೂಸು ಮೊದಲ ವರ್ಷದಲ್ಲಿಯೇ ತನ್ನ ಮನೆಯ ನುಡಿಗೆ ಕಿವಿಯನ್ನು ಹೊಂದಿಸಿಕೊಳ್ಳುತ್ತಿರುತ್ತದೆ. ನಮ್ಮ ಹಿರಿಯ ಸದಸ್ಯರ ಪ್ರಶ್ನೆಗೆ ಇದು ಮೊದಲ ಉತ್ತರ: ಕೂಸಿಗೆ ತಿಳಿಯುತ್ತದೆ, ತಿಳಿದುದನ್ನು ಹೇಳಲು ಮಾತ್ರ ಬರುವುದಿಲ್ಲ.

3. ತಂತಿಗೆ ಹೊದಿಕೆ

ಚಾಟ್ನಿಯ ಜೊತೆಯಲ್ಲಿಯೇ ಮತ್ತೊಂದು ಕೆಲಸ ಸಾಗುತ್ತದೆ. ನರಕೋಶದ ಉದ್ದನೆಯ ಎಳೆಗಳ ಸುತ್ತ ಮೈಲಿನ್ ಎಂಬ ಕೊಬ್ಬಿನಂಶದ ಹೊದಿಕೆ ಸುತ್ತಿಕೊಳ್ಳುತ್ತದೆ. ಹೊದಿಕೆಯ ನಡುನಡುವೆ ಸಣ್ಣ ತೆರಪುಗಳಿದ್ದು, ಸಂಕೇತವು ಒಂದು ತೆರಪಿನಿಂದ ಮುಂದಿನ ತೆರಪಿಗೆ ಜಿಗಿದಂತೆ ಸಾಗುತ್ತದೆ. ಹೊದಿಕೆಯಿಲ್ಲದ ತೆಳು ಎಳೆಯಲ್ಲಿ ಸೆಕೆಂಡಿಗೆ ಒಂದೆರಡು ಮೀಟರ್ ವೇಗವಿದ್ದರೆ, ದಪ್ಪ ಹೊದಿಕೆಯ ಎಳೆಯಲ್ಲಿ ಅದು 100 ಮೀಟರನ್ನೂ ದಾಟಬಲ್ಲದು.

ಈ ಕೆಲಸ ಮಿದುಳಿನ ಎಲ್ಲ ಭಾಗಗಳಲ್ಲಿ ಒಮ್ಮೆಲೇ ನಡೆಯುವುದಿಲ್ಲ. ನೋಟ, ಸ್ಪರ್ಶ, ಚಲನೆಗೆ ಸಂಬಂಧಿಸಿದ ಭಾಗಗಳು ಮೊದಲು ಪಕ್ವವಾಗುತ್ತವೆ. ಮುಂದಾಲೋಚನೆ, ಸಂಯಮ, ತೀರ್ಮಾನಗಳಿಗೆ ಸಂಬಂಧಿಸಿದ ಹಣೆಯ ಹಿಂಭಾಗದ ಪ್ರದೇಶ ಕೊನೆಗೆ ಪಕ್ವವಾಗುತ್ತದೆ. ಅಲ್ಲಿನ ಕೆಲಸ ಇಪ್ಪತ್ತರ ನಂತರವೂ ಮುಂದುವರಿಯುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯವರು ನಾಲ್ಕರಿಂದ 21 ವರ್ಷದವರೆಗಿನ ವಯೋಮಾನದಲ್ಲಿ ಅದೇ ಮಕ್ಕಳ ಮಿದುಳನ್ನು ಮರಳಿಮರಳಿ ಎಂಆರ್‌ಐ ಮೂಲಕ ಚಿತ್ರಿಸಿ, 2004ರಲ್ಲಿ ಈ ಕ್ರಮವನ್ನು ತೋರಿಸಿದರು.

4. ಓಣಿಯ ದಾರಿಯಿಂದ ಹೆದ್ದಾರಿಗೆ

ಮಿದುಳಿನ ಯಾವ ಭಾಗಗಳು ಒಟ್ಟಾಗಿ ಕೆಲಸ ಮಾಡುತ್ತವೆ ಎಂಬುದನ್ನು ಎಂಆರ್‌ಐ ಯಂತ್ರದಿಂದ ಅಳೆಯಬಹುದು. 2009ರಲ್ಲಿ ಅಮೆರಿಕದ ಸಂಶೋಧಕರು ಏಳರಿಂದ 31 ವರ್ಷದವರನ್ನು ಹೀಗೆ ಪರೀಕ್ಷಿಸಿದರು. ಮಕ್ಕಳಲ್ಲಿ ಅಕ್ಕಪಕ್ಕದ ಭಾಗಗಳು ಹೆಚ್ಚಾಗಿ ಜೊತೆಗೂಡಿದ್ದವು. ವಯಸ್ಕರಲ್ಲಿ ದೂರದೂರದ ಭಾಗಗಳು ಒಂದೇ ಕಾರ್ಯಕ್ಕಾಗಿ ಕೂಡಿಕೊಂಡಿದ್ದವು. ಒಂದು ಊರಿನ ಓಣಿಗಳ ನಡುವೆ ಮಾತ್ರ ದಾರಿಯಿದ್ದ ಕಾಲದಿಂದ, ತಿಕೋಟಾ, ಬಬಲೇಶ್ವರ, ವಿಜಯಪುರಗಳನ್ನು ಜೋಡಿಸುವ ರಸ್ತೆಗಳು ಬಂದ ಕಾಲಕ್ಕೆ ಸಾಗಿದಂತೆ ಇದು. ಮಗುವಿನ ಜಾಲವೂ ತನ್ನ ಮಟ್ಟಿಗೆ ದಕ್ಷವಾದುದೇ. ಅದನ್ನು ಅರ್ಧ ಕಟ್ಟಿದ ಮನೆಯೆಂದು ತಿಳಿಯಬಾರದು; ಅದರ ವಿನ್ಯಾಸ ಬೇರೆ.

ಮೂರು ವರ್ಷಗಳ ನಂತರ, 2012ರಲ್ಲಿ, ಅದೇ ಸಂಶೋಧಕರಲ್ಲಿ ಕೆಲವರು ತಮ್ಮ ಅಳತೆಯಲ್ಲಿದ್ದ ಒಂದು ದೋಷವನ್ನು ತಾವೇ ಪ್ರಕಟಿಸಿದರು. ಯಂತ್ರದೊಳಗೆ ಮಕ್ಕಳು ತಲೆಯನ್ನು ಹೆಚ್ಚು ಅಲುಗಾಡಿಸುತ್ತಾರೆ. ಆ ಅಲುಗಾಟವೇ ಹತ್ತಿರದ ಸಂಪರ್ಕವನ್ನು ಹೆಚ್ಚಾಗಿಯೂ ದೂರದ ಸಂಪರ್ಕವನ್ನು ಕಡಿಮೆಯಾಗಿಯೂ ತೋರಿಸುತ್ತದೆ. ದೋಷವನ್ನು ಸರಿಪಡಿಸಿದಾಗ ಮಕ್ಕಳ ಹಾಗೂ ವಯಸ್ಕರ ನಡುವಣ ವ್ಯತ್ಯಾಸದ ಪ್ರಮಾಣ ಕುಗ್ಗಿತು, ಪೂರ್ತಿ ಅಳಿಸಿಹೋಗಲಿಲ್ಲ. ಅಳತೆ ಪುಸ್ತಕವನ್ನು ಬರೆದವರೇ ಮರಳಿ ಪರಿಶೀಲಿಸಿ ತಿದ್ದಿದ ಈ ನಡೆ, ಕಾಮಗಾರಿಗಳ ಅಳತೆಗೆ ಸಹಿ ಹಾಕುವ ನಮಗೂ ಪಾಠವೇ.

5. ನಮ್ಮ ನಾಡಿನ ಅಧ್ಯಯನಗಳು

ಈ ವಿಷಯದಲ್ಲಿ ಕರ್ನಾಟಕದ ಕೊಡುಗೆ ಗಣನೀಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ ಭಾರತ ಹಾಗೂ ಬ್ರಿಟನ್ನಿನ ಸಂಶೋಧಕರು ಸಿ-ವೇದ ಎಂಬ ಅಧ್ಯಯನವನ್ನು ಕೈಗೊಂಡರು. ಬೆಂಗಳೂರು, ಮೈಸೂರು, ಚಂಡೀಗಢ, ಕೋಲ್ಕತ್ತ, ಇಂಫಾಲ ಮುಂತಾದ ಕೇಂದ್ರಗಳಲ್ಲಿ ಬಾಲ್ಯದಿಂದ ಯೌವನದವರೆಗಿನ ಸುಮಾರು 9,000 ಜನರನ್ನು ಇದರಲ್ಲಿ ಸೇರಿಸಲಾಯಿತು. ಬಾಲ್ಯದ ಸಂಕಷ್ಟಗಳು, ಪೋಷಣೆ ಹಾಗೂ ಪರಿಸರ ಮಿದುಳಿನ ಬೆಳವಣಿಗೆಯ ಮೇಲೆ ಏನು ಪರಿಣಾಮ ಬೀರುತ್ತವೆ, ಮುಂದೆ ವ್ಯಸನಕ್ಕೆ ಹೇಗೆ ದಾರಿಯಾಗುತ್ತವೆ ಎಂಬುದು ಇದರ ವಿಷಯ. ನಿಮ್ಹಾನ್ಸ್ ಸಂಶೋಧಕರು 2020ರಲ್ಲಿ ಆರರಿಂದ 60 ವರ್ಷದವರೆಗಿನ ಭಾರತೀಯರ ಮಿದುಳಿಗೆ ಐದು ವಯೋಮಾನದ ಮಾದರಿ ನಕ್ಷೆಗಳನ್ನೂ ಪ್ರಕಟಿಸಿದ್ದಾರೆ. ಅಲ್ಲಿಯವರೆಗೆ ಬಹುತೇಕ ಪಾಶ್ಚಾತ್ಯರ ಮಿದುಳಿನ ನಕ್ಷೆಗಳನ್ನೇ ಅಳತೆಗೋಲಾಗಿ ಬಳಸಲಾಗುತ್ತಿತ್ತು.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ನೋಂದಾಯಿಸಿ, ಅವರ ಮಕ್ಕಳನ್ನು ವರ್ಷಾನುಗಟ್ಟಲೆ ಗಮನಿಸಿದ ಅಧ್ಯಯನವಿದೆ. ಮಕ್ಕಳು ಒಂಬತ್ತು, ಹತ್ತು ವರ್ಷದವರಾದಾಗ ಕಲಿಕೆ ಹಾಗೂ ನೆನಪಿನ ಪರೀಕ್ಷೆ ನಡೆಸಲಾಯಿತು. ಗರ್ಭಾವಸ್ಥೆಯಲ್ಲಿ ತಾಯಿಯ ರಕ್ತದಲ್ಲಿ ಫೋಲೇಟ್ ಅಂಶ ಹೆಚ್ಚಿದ್ದವರ ಮಕ್ಕಳು ಸರಾಸರಿ ಉತ್ತಮ ಅಂಕ ಪಡೆದಿದ್ದರೆಂದು 2010ರಲ್ಲಿ ವರದಿಯಾಯಿತು. ಇದು ಸಂಬಂಧವನ್ನು ತೋರಿಸುತ್ತದೆಯೇ ಹೊರತು ಇದೊಂದೇ ಕಾರಣವೆಂದು ಸಾಧಿಸುವುದಿಲ್ಲ. ಆದರೂ ಆಶಾ ಕಾರ್ಯಕರ್ತೆಯರು ಗರ್ಭಿಣಿಯರಿಗೆ ನೀಡುವ ಕಬ್ಬಿಣ ಹಾಗೂ ಫೋಲಿಕ್ ಆಮ್ಲದ ಮಾತ್ರೆಗಳನ್ನು ಹಗುರವಾಗಿ ಕಾಣಬಾರದೆಂಬುದು ಇದರಿಂದ ಸ್ಪಷ್ಟ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಹೊಂದಿಲ್ಲ. ಆರು ತಿಂಗಳಿಂದ 59 ತಿಂಗಳವರೆಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಕ್ಕಳಿಗೆ ರಕ್ತಹೀನತೆಯಿದೆ. ಕಬ್ಬಿಣವು ರಕ್ತಕ್ಕೆ ಬೇಕಾದಂತೆಯೇ ಮೈಲಿನ್ ಹೊದಿಕೆಯ ರಚನೆಗೂ ಬೇಕು. ಆದ್ದರಿಂದ ಈ ಅಂಕಿಗಳನ್ನು ಆರೋಗ್ಯ ಇಲಾಖೆಯ ವಿಷಯವೆಂದು ಬದಿಗಿಡಲಾಗದು.

6. ಮಾತು ಮತ್ತು ಆಟವೂ ಆಹಾರ

ಊಟವೊಂದೇ ಸಾಕೇ? ಸಾಲದು. ರೊಮೇನಿಯಾ ದೇಶದ ಅನಾಥಾಲಯಗಳಲ್ಲಿ ಮಕ್ಕಳಿಗೆ ಊಟ, ಬಟ್ಟೆ, ಹಾಸಿಗೆ ಇದ್ದವು. ಎತ್ತಿಕೊಂಡು ಮಾತನಾಡಿಸುವವರು ಇರಲಿಲ್ಲ. ಬುಕಾರೆಸ್ಟ್‌ನಲ್ಲಿ 2000ದಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ 136 ಮಕ್ಕಳ ಪೈಕಿ ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಿಗೆ ಒಪ್ಪಿಸಲಾಯಿತು. ಕುಟುಂಬ ಸೇರಿದವರ ಬುದ್ಧಿಶಕ್ತಿ ಅನಾಥಾಲಯದಲ್ಲಿ ಉಳಿದವರಿಗಿಂತ ಸುಧಾರಿಸಿತು. ಎರಡು ವರ್ಷ ತುಂಬುವ ಮೊದಲೇ ಹೋದವರಲ್ಲಿ ಸುಧಾರಣೆ ಹೆಚ್ಚು ಕಂಡಿತು.

ಪಂಚಾಯಿತಿಗೆ ಇನ್ನೂ ಹತ್ತಿರವಾದ ಉದಾಹರಣೆ ಜಮೈಕಾ ದೇಶದ್ದು. 1986-87ರಲ್ಲಿ ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ ಎತ್ತರ ಕುಂಠಿತವಾಗಿದ್ದ, ಒಂಬತ್ತರಿಂದ 24 ತಿಂಗಳ 129 ಮಕ್ಕಳನ್ನು ಆರಿಸಲಾಯಿತು. ಅವರಲ್ಲಿ ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ, ಒಂದು ಗಂಟೆಯಂತೆ ಎರಡು ವರ್ಷ ಹೋಗಿ, ಮನೆಯಲ್ಲೇ ತಯಾರಿಸಿದ ಆಟಿಕೆಗಳಿಂದ ಮಗುವನ್ನು ಹೇಗೆ ಆಡಿಸಬೇಕು, ಮಾತನಾಡಿಸಬೇಕು ಎಂದು ತಾಯಂದಿರಿಗೆ ತೋರಿಸಿಕೊಟ್ಟರು. ಇಪ್ಪತ್ತು ವರ್ಷಗಳ ನಂತರ ಹುಡುಕಿ ನೋಡಿದಾಗ ಆ ಮಕ್ಕಳ ಸಂಪಾದನೆ ಉಳಿದವರಿಗಿಂತ ಶೇ. 25ರಷ್ಟು ಹೆಚ್ಚಿತ್ತು. ಅಲ್ಲಿ ದುಬಾರಿ ಕಟ್ಟಡವಿರಲಿಲ್ಲ, ಯಂತ್ರವಿರಲಿಲ್ಲ. ತರಬೇತಿ ಪಡೆದ ಮಹಿಳೆಯರು ಹಾಗೂ ವಾರಕ್ಕೊಂದು ಗಂಟೆ ಮಾತ್ರ ಇದ್ದವು.

ನಮ್ಮ ಜಿಲ್ಲೆಯ ಹಳ್ಳಿ ಹಾಗೂ ತಾಂಡಾಗಳಿಂದ ಕುಟುಂಬಗಳು ಗೋವಾ, ಮಹಾರಾಷ್ಟ್ರಗಳಿಗೆ ದುಡಿಯಲು ಗುಳೆ ಹೋಗುತ್ತವೆ. ಕೆಲವು ಕೂಸುಗಳು ತಂದೆತಾಯಿಯ ಜೊತೆ ಕೆಲಸದ ಜಾಗದಲ್ಲಿ ಬೆಳೆಯುತ್ತವೆ; ಕೆಲವು ಅಜ್ಜಿಯ ಬಳಿ ಉಳಿಯುತ್ತವೆ. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ನುಡಿಯನ್ನು, ಅಂಗನವಾಡಿಯಲ್ಲಿ ಕನ್ನಡವನ್ನು ಕೇಳುತ್ತದೆ. ಎರಡು ನುಡಿ ಮಗುವಿಗೆ ಹೊರೆಯಲ್ಲ. ಚಿಕ್ಕಂದಿನಲ್ಲಿ ಎರಡನ್ನೂ ಕಲಿಯಲು ಮಿದುಳು ಸಮರ್ಥವಾಗಿದೆ. ಯಾವ ನುಡಿಯಲ್ಲಿಯೂ ಯಾರೂ ಮಾತನಾಡಿಸದಿರುವುದೇ ನಿಜವಾದ ಕೊರತೆ.

7. ಹದಿಹರೆಯ: ಎರಡನೆಯ ಸಂಧಿಕಾಲ

ಹದಿಮೂರು, ಹದಿನಾಲ್ಕರ ವಯಸ್ಸಿನಲ್ಲಿ ಸುಖ, ಉತ್ಸಾಹ ಹಾಗೂ ಗೆಳೆಯರ ಮೆಚ್ಚುಗೆಗೆ ಸ್ಪಂದಿಸುವ ಭಾಗಗಳು ಚುರುಕಾಗುತ್ತವೆ. ಅವನ್ನು ಹಿಡಿತದಲ್ಲಿಡುವ ಮುಂಭಾಗದ ಸಂಪರ್ಕಗಳು ಇನ್ನೂ ಪಕ್ವವಾಗುತ್ತಿರುತ್ತವೆ. ಹದಿಹರೆಯದವರಿಗೆ ಬುದ್ಧಿ ಇಲ್ಲವೆಂದು ಇದರ ಅರ್ಥವಲ್ಲ. ಶಾಂತವಾಗಿ ಕುಳಿತು ಯೋಚಿಸಿದರೆ ಅವರ ತರ್ಕ ಹಿರಿಯರಿಗಿಂತ ಕಡಿಮೆಯಲ್ಲ. ಗೆಳೆಯರ ನಡುವೆ, ಆವೇಶದ ಕ್ಷಣದಲ್ಲಿ ತೂಕ ತಪ್ಪುತ್ತದೆ. ಈ ವಯಸ್ಸಿನಲ್ಲಿ ಅಂಟಿದ ತಂಬಾಕು, ಮದ್ಯದ ಚಟ ಬಿಡಿಸುವುದು ಕಠಿಣ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಾಟವನ್ನು ಕಾನೂನು ನಿಷೇಧಿಸಿದೆ. ಆ ಗೂಡಂಗಡಿ ಯಾರದ್ದೆಂದು ನಮಗೆ ಗೊತ್ತಿರುತ್ತದೆ. ಕೆಲವೊಮ್ಮೆ ಅದು ನಮ್ಮವರದ್ದೇ ಆಗಿರುತ್ತದೆ.

ಬಾಲ್ಯವಿವಾಹದ ವಿಷಯವೂ ಇಲ್ಲಿಯೇ ಬರುತ್ತದೆ. ಹದಿನೆಂಟು ವರ್ಷದ ಮಿತಿಯನ್ನು ಮಿದುಳಿನ ಚಿತ್ರಗಳನ್ನು ನೋಡಿ ನಿಗದಿಪಡಿಸಿದ್ದಲ್ಲ. ಅದು ಹುಡುಗಿಯ ಆರೋಗ್ಯ, ಶಿಕ್ಷಣ ಹಾಗೂ ಹಕ್ಕಿನ ಪ್ರಶ್ನೆ. ಆದರೆ ಹದಿನೈದರ ಹುಡುಗಿಯನ್ನು ಶಾಲೆ ಬಿಡಿಸಿ ಸಂಸಾರದ ಹೊಣೆ ಹೊರಿಸಿದಾಗ, ಸಂಪರ್ಕಗಳು ಪಳಗಬೇಕಾದ ವರ್ಷಗಳನ್ನೇ ನಾವು ಅವಳಿಂದ ಕಸಿದುಕೊಳ್ಳುತ್ತೇವೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಬಾಲ್ಯವಿವಾಹ ನಿಷೇಧಾಧಿಕಾರಿಯೂ ಹೌದು. ಆದರೆ ಮದುವೆಯ ಸುದ್ದಿ ಮೊದಲು ಮುಟ್ಟುವುದು ವಾರ್ಡಿನ ಸದಸ್ಯರಿಗೆ. ಲಗ್ನಪತ್ರಿಕೆ ಕೈಗೆ ಬಂದ ದಿನವೇ 1098ಕ್ಕೆ ಅಥವಾ ಕಚೇರಿಗೆ ತಿಳಿಸಿದರೆ, ಮಂಟಪದಲ್ಲಿ ತಡೆಯುವ ಅವಮಾನವನ್ನೂ ಆ ಕುಟುಂಬಕ್ಕೆ ತಪ್ಪಿಸಬಹುದು.

8. ಗಾದೆಯ ಅರ್ಧ ಸತ್ಯ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ನಮ್ಮಲ್ಲಿದೆ. ಕೆಲವು ವಿಷಯಗಳಲ್ಲಿ ಇದು ಅಕ್ಷರಶಃ ನಿಜ. ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಎಳವೆಯಲ್ಲಿ ಮುಚ್ಚಿದರೆ, ಮುಂದೆ ತೆರೆದರೂ ಆ ಕಣ್ಣಿನ ನೋಟವನ್ನು ಮಿದುಳು ಸರಿಯಾಗಿ ಸ್ವೀಕರಿಸುವುದಿಲ್ಲವೆಂದು ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ ತೋರಿಸಿದರು. ದೃಷ್ಟಿಯ ಕುರಿತ ಸಂಶೋಧನೆಗಾಗಿ ಅವರಿಗೆ 1981ರ ನೊಬೆಲ್ ಪ್ರಶಸ್ತಿ ಸಂದಿತು. ಮೆಳ್ಳಗಣ್ಣು, ಹುಟ್ಟು ಪೊರೆ, ಕಿವುಡುತನಗಳಿಗೆ ‘ದೊಡ್ಡವನಾದ ಮೇಲೆ ತೋರಿಸೋಣ’ ಎನ್ನಬಾರದೆಂಬುದು ಇದಕ್ಕಾಗಿಯೇ.

ಆದರೆ ಗಾದೆ ಪೂರ್ಣ ಸತ್ಯವಲ್ಲ. ಮೂರು ವರ್ಷಕ್ಕೆ ಎಲ್ಲವೂ ಮುಗಿಯಿತೆಂಬುದು ತಪ್ಪು. ಉತ್ತರ ಪ್ರದೇಶದ ಲಖನೌ ಬಳಿಯ ಹಳ್ಳಿಗಳಲ್ಲಿ ಅನಕ್ಷರಸ್ಥ ವಯಸ್ಕರಿಗೆ ಆರು ತಿಂಗಳು ದೇವನಾಗರಿ ಓದು ಬರಹ ಕಲಿಸಿ, ಮೊದಲು ಮತ್ತು ನಂತರ ಮಿದುಳನ್ನು ಪರೀಕ್ಷಿಸಲಾಯಿತು. ಮಿದುಳಿನ ಆಳದ ಭಾಗಗಳು ಹಾಗೂ ನೋಟದ ಪ್ರದೇಶದ ನಡುವಿನ ಹೊಂದಾಣಿಕೆ ಹೆಚ್ಚಿದ್ದುದು ಕಂಡುಬಂತು. 2017ರಲ್ಲಿ ಇದು ಪ್ರಕಟವಾಯಿತು. ಹೆಬ್ಬೆಟ್ಟಿನ ಬದಲು ಸಹಿ ಕಲಿತ ನಮ್ಮ ಸದಸ್ಯೆಯರ ಮಿದುಳೂ ಬದಲಾಗಿದೆ. ಮರವೂ ಬಗ್ಗುತ್ತದೆ, ಶ್ರಮ ಹೆಚ್ಚು ಬೇಕು ಅಷ್ಟೆ.

9. ಪಂಚಾಯಿತಿಯಿಂದ ಆಗಬಹುದಾದ ಕಾರ್ಯಗಳು

ಅ) ಕೂಸಿನ ಮನೆಯ ಪರಿಶೀಲನೆಯಲ್ಲಿ ಹಾಜರಿ, ಫ್ಯಾನು, ಬಣ್ಣಗಳ ಜೊತೆಗೆ ಒಂದು ಪ್ರಶ್ನೆಯನ್ನು ಸೇರಿಸುವುದು: ಆರೈಕೆದಾರರು ದಿನವೂ ಪ್ರತಿ ಮಗುವಿನೊಡನೆ ಮಾತು, ಕಥೆ, ಹಾಡು, ಆಟ ನಡೆಸುತ್ತಿದ್ದಾರೆಯೇ? ಈ ಪ್ರಶ್ನೆಯನ್ನು ನಾನೂ ಮೊದಲು ಕೇಳಿರಲಿಲ್ಲ.

ಆ) ಅಂಗನವಾಡಿಯ ತೂಕ ಹಾಗೂ ಎತ್ತರದ ದಾಖಲೆಯನ್ನು ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯಲ್ಲಿ ಓದಿಸಿ, ಹಿಂದುಳಿದ ಮಕ್ಕಳ ಮನೆಗೆ ವಾರ್ಡ್ ಸದಸ್ಯರು ಭೇಟಿ ನೀಡುವುದು.

ಇ) ಗರ್ಭಿಣಿ ಹಾಗೂ ಬಾಣಂತಿಯರು ಮಾತೃಪೂರ್ಣ ಯೋಜನೆಯ ಊಟವನ್ನು ಪಡೆಯುತ್ತಿದ್ದಾರೆಯೇ, ಇಲ್ಲದಿದ್ದರೆ ದೂರವೋ ಸಂಕೋಚವೋ ಕಾರಣವೆಂದು ವಿಚಾರಿಸುವುದು.

ಈ) ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರುವ ದಿನ ಡಂಗುರ ಸಾರಿಸಿ, ಶ್ರವಣ ಹಾಗೂ ದೃಷ್ಟಿದೋಷವಿರುವ ಮಕ್ಕಳನ್ನು ಅಂದೇ ತೋರಿಸುವುದು.

ಉ) ಅರಿವು ಕೇಂದ್ರದಲ್ಲಿ ಹದಿಹರೆಯದವರಿಗೆ ಹಾಗೂ ಹೊಸದಾಗಿ ಓದು ಕಲಿಯುವ ಹಿರಿಯರಿಗೆ ಪ್ರತ್ಯೇಕ ಸಮಯ ಗೊತ್ತುಪಡಿಸುವುದು.

ಊ) ಮಕ್ಕಳ ಗ್ರಾಮ ಸಭೆಯಲ್ಲಿ ಬಂದ ಬೇಡಿಕೆಗಳಿಗೆ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಸ್ಥಾನ ಕೊಟ್ಟು, ಮುಂದಿನ ಸಭೆಯಲ್ಲಿ ಮಕ್ಕಳಿಗೇ ಉತ್ತರ ಹೇಳುವುದು.

10. ಸಭೆಯಲ್ಲಿ ಚರ್ಚೆಗೆ

(1) ನಮ್ಮ ವಾರ್ಡಿನಲ್ಲಿ ಮೂರು ವರ್ಷದೊಳಗಿನ ಮಕ್ಕಳು ಎಷ್ಟು? ಹಗಲು ಅವರನ್ನು ಯಾರು ನೋಡಿಕೊಳ್ಳುತ್ತಾರೆ? (2) ಗುಳೆ ಹೋದ ಕುಟುಂಬಗಳ ಮಕ್ಕಳ ಪಟ್ಟಿ ನಮ್ಮಲ್ಲಿದೆಯೇ? (3) ಕೂಸಿನ ಮನೆಗೆ ಮಕ್ಕಳು ಕಡಿಮೆ ಬರುತ್ತಿದ್ದರೆ ಅದಕ್ಕೆ ಮಕ್ಕಳಿಲ್ಲದಿರುವುದು ಕಾರಣವೋ, ಸಮಯ ಹೊಂದದಿರುವುದು ಕಾರಣವೋ?

ಈ ಮೂರನೆಯ ಪ್ರಶ್ನೆಯನ್ನು ನಮ್ಮ ಮುಂದಿನ ಸಭೆಯಲ್ಲಿ ಕೇಳಿಕೊಂಡೆವು. ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಬೇಗನೆ ಮನೆ ಬಿಡುತ್ತಾರೆ. ನಮ್ಮ ಕೂಸಿನ ಮನೆಯ ಬಾಗಿಲು ಅನಂತರ ತೆರೆಯುತ್ತಿತ್ತು. ಮೊದಲು ಪ್ರಶ್ನೆ ಎತ್ತಿದ್ದ ಹಿರಿಯ ಸದಸ್ಯರೇ, “ಹಂಗಾರ ತಪ್ಪು ಕೂಸುಗಳದ್ದಲ್ಲ, ನಮ್ಮ ಗಡಿಯಾರದ್ದು” ಎಂದರು. ಬಾಗಿಲು ತೆರೆಯುವ ಸಮಯವನ್ನು ಹಿಂದಕ್ಕೆ ತರಲಾಯಿತು. ಸಿಮೆಂಟ್ ಚೀಲಗಳಿಗೆ ಬೇರೆ ಜಾಗ ಹುಡುಕಲಾಯಿತು. ಆ ಕೊಠಡಿ ಇಂದಿಗೂ ಕೂಸಿನ ಮನೆಯಾಗಿಯೇ ಇದೆ.